ಬೆಟ್ಟದ ಜೇನಿಗೆ ಹೊಸ ಹೆಸರಿಡುವ ಮುನ್ನ

ಜೇನು ಎಂದರೆ ನಮಗೆ ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ. ಆದರೆ ಜಗತ್ತಿನಲ್ಲಿ ಹೆಸರು ಪಡೆದ ಜೇನು ಪ್ರಭೇದಗಳು 20,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ತುಪ್ಪ ಕೂಡಿಡದೆ ನೆಲದಲ್ಲೋ ಒಣಕಡ್ಡಿಯಲ್ಲೋ ಒಂಟಿಯಾಗಿ ಗೂಡು ಮಾಡುವಂಥವು. ಪಶ್ಚಿಮಘಟ್ಟದಲ್ಲಿ ಅವುಗಳ ಬೆನ್ನು ಹತ್ತಿ ನಾನು ಕಲಿತದ್ದು, ಈ ಕೆಲಸಕ್ಕೆ ಇಳಿಯುವ ಕಿರಿಯರಿಗಾಗಿ ಇಲ್ಲಿದೆ.

1. ಚೀಟಿ ಇಲ್ಲದ ಜೇನು ಬರೀ ಸತ್ತ ಹುಳು. ಊರು, ಅಕ್ಷಾಂಶ, ರೇಖಾಂಶ, ತಾರೀಖು, ಹಿಡಿದವರ ಹೆಸರು, ಕೂತಿದ್ದ ಹೂವು ಎಲ್ಲವೂ ಅದೇ ದಿನ ಚೀಟಿಗೆ ಬೀಳಬೇಕು. ಬೆಟ್ಟದಲ್ಲಿ ಎತ್ತರವನ್ನಂತೂ ಬಿಡಲೇಬಾರದು. ‘ಮುಳ್ಳಯ್ಯನಗಿರಿ’ ಎಂದಷ್ಟೇ ಬರೆದರೆ 1,930 ಮೀಟರಿನ ನೆತ್ತಿಯ ಹುಲ್ಲುಗಾವಲೋ, ಕೆಳಗಿನ ಕಾಫಿ ತೋಟವೋ ಯಾರಿಗೂ ತಿಳಿಯದು. ಅಲ್ಲಿನ ಹೂವೂ ಬೇರೆ, ಜೇನೂ ಬೇರೆ.

2. ಗಂಡನ್ನು ಹುಡುಕಿ. ಹೂವಿನ ಮೇಲೆ ಬಲೆ ಬೀಸಿದರೆ ಹೆಚ್ಚಾಗಿ ಸಿಗುವುದು ಪರಾಗ ಹೊರುವ ಹೆಣ್ಣು. ಆದರೆ ಎಷ್ಟೋ ಕುಲಗಳಲ್ಲಿ ಪ್ರಭೇದದ ಗುಟ್ಟು ಇರುವುದು ಗಂಡಿನ ಜನನಾಂಗದಲ್ಲಿ, ಹೊಟ್ಟೆಯ ಅಡಿ ಅಡಗಿರುವ 7 ಮತ್ತು 8ನೇ ಫಲಕಗಳಲ್ಲಿ. ಕುಡಿಮೀಸೆಯ ಗಣ್ಣು ಎಣಿಸಿದರೆ ಗಂಡೋ ಹೆಣ್ಣೋ ಗೊತ್ತಾಗುತ್ತದೆ: ಹೆಣ್ಣಿಗೆ 12, ಗಂಡಿಗೆ 13. ನೀಲಿಪಟ್ಟಿಯ ಅಮೆಜಿಲ್ಲಾ ಜೇನಿನ ಗಂಡುಗಳು ಸಂಜೆ ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು ಗುಂಪಾಗಿ ಮಲಗುತ್ತವೆ. ಹುಡುಕಲು ಅದೇ ಒಳ್ಳೆಯ ಹೊತ್ತು. ಜನನಾಂಗವನ್ನು ಮಾದರಿ ಹಸಿಯಾಗಿರುವಾಗಲೇ ಹೊರಗೆಳೆದು ಪಿನ್ನು ಚುಚ್ಚಿ. ಒಣಗಿದ ಮೇಲೆ ಅದೇ ಕೆಲಸಕ್ಕೆ ಮೆದುಗೊಳಿಸುವುದು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ನೆನೆಸುವುದು ಎಂದು ದಿನಗಳೇ ಹೋಗುತ್ತವೆ. ಗಂಡು ಹೆಣ್ಣುಗಳ ರೂಪ ತೀರಾ ಬೇರೆಯಾಗಿದ್ದರಿಂದ ಒಂದೇ ಪ್ರಭೇದಕ್ಕೆ ಹಿಂದಿನವರು ಎರಡು ಹೆಸರಿಟ್ಟ ಉದಾಹರಣೆಗಳು ಸಾಕಷ್ಟಿವೆ.

3. ಬಣ್ಣ ನೋಡಿ ತೀರ್ಪು ಕೊಡಬೇಡಿ. ಕಾಶ್ಮೀರದ ಬಂಬಲ್‌ಬೀಗಳ ಬಗ್ಗೆ ಪಾಲ್ ವಿಲಿಯಮ್ಸ್ 1991ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. ಒಂದೇ ಪ್ರಭೇದದೊಳಗೆ ರೋಮದ ಬಣ್ಣ ಎಷ್ಟು ಬದಲಾಗಬಲ್ಲದು ಎಂಬುದು ಅಲ್ಲಿ ಕಾಣುತ್ತದೆ. ನಮ್ಮಲ್ಲೂ ಜೇನು ಸಾಕುವವರು ಬೆಟ್ಟದ ಕರಿ ತುಡುವೆಯನ್ನೂ ಬಯಲಿನ ಹಳದಿ ತುಡುವೆಯನ್ನೂ ಬೇರೆಯಾಗಿಯೇ ನೋಡುತ್ತ ಬಂದಿದ್ದಾರೆ. ಆದರೂ 2022ರಲ್ಲಿ ಪಶ್ಚಿಮಘಟ್ಟದ ಕರಿಜೇನಿಗೆ ಏಪಿಸ್ ಕರಿಂಜೋಡಿಯನ್ ಎಂದು ಹೆಸರಿಟ್ಟ ಕೇರಳದ ಸಂಶೋಧಕರು ಬಣ್ಣಕ್ಕೇ ನಿಲ್ಲದೆ ರೆಕ್ಕೆಯ ನರಗಳನ್ನು ಅಳೆದು ವಾದ ಕಟ್ಟಿದರು.

4. ಹೊಸದು ಎನ್ನುವ ಮೊದಲು ಹಳೆಯದನ್ನೆಲ್ಲ ಓದಿ ಮುಗಿಸಿ. ನನ್ನ ಮಟ್ಟಿಗೆ ಈ ಕೆಲಸದ ಮುಕ್ಕಾಲು ಪಾಲು ಇದೇ. ಇಲ್ಲಿನ ಜೇನು, ಕಣಜಗಳ ಬಗ್ಗೆ ಬಿಂಗ್‌ಹ್ಯಾಮ್ 1897ರಲ್ಲಿ ತಂದ ಸಂಪುಟ ಇಂದಿಗೂ ಮೇಜಿನ ಮೇಲಿರಬೇಕು. ಹಿಂದಿನ ಕೀಟತಜ್ಞರಾದ ಕ್ಯಾಮರಾನ್, ಕಾಕರೆಲ್ ಬರೆದ ಚುಟುಕು ವಿವರಣೆಗಳನ್ನು ಓದಿ ಜೇನನ್ನು ಗುರುತಿಸುವುದು ಅನೇಕ ಸಲ ಆಗದ ಮಾತು; ಹೆಸರಿಡುವಾಗ ಆಧಾರವಾಗಿದ್ದ ಮೂಲ ಮಾದರಿಯನ್ನೇ ನೋಡಬೇಕು. ಅವುಗಳಲ್ಲಿ ಬಹಳಷ್ಟು ಇಂಗ್ಲೆಂಡಿನ ಸಂಗ್ರಹಾಲಯಗಳಲ್ಲಿವೆ. ಫೋಟೊ ಬೇಡಿ ಪತ್ರ ಬರೆಯಿರಿ, ಕಾಯಿರಿ. ಆತುರದಲ್ಲಿ ಇಟ್ಟ ಹೆಸರನ್ನು ಮುಂದಿನವರು ಕಷ್ಟಪಟ್ಟು ಅಳಿಸಬೇಕಾಗುತ್ತದೆ.

5. ಡಿಎನ್‌ಎಗೆಂದು ಒಂದು ಕಾಲನ್ನು ಮೊದಲೇ ಶುದ್ಧ ಆಲ್ಕೋಹಾಲಿನಲ್ಲಿ ತೆಗೆದಿಡಿ. ಡಿಎನ್‌ಎ ಒಳ್ಳೆಯ ಸಾಕ್ಷಿ, ಆದರೆ ಅದೊಂದೇ ತೀರ್ಪು ಕೊಡುವ ನ್ಯಾಯಾಧೀಶನಲ್ಲ.

6. ಮತ್ತೊಬ್ಬರು ಗುರುತಿಸುವಂತೆ ಬರೆಯಿರಿ. ‘ಎದೆಯ ಮೇಲೆ ಒತ್ತಾದ ಚುಕ್ಕಿಗುಳಿಗಳಿವೆ’ ಎಂದರೆ ಸಾಲದು. ಗುಳಿಗಳ ನಡುವಿನ ಅಂತರ ಗುಳಿಯ ಅಗಲಕ್ಕಿಂತ ಹೆಚ್ಚೋ ಕಡಿಮೆಯೋ ಹೇಳಿ. ಹತ್ತಿರದ ಪ್ರಭೇದ ಯಾವುದು, ಅದರಿಂದ ಇದು ಎಲ್ಲಿ ಬೇರೆ ಎಂಬುದೇ ಬರಹದ ಜೀವಾಳ. ಮಾದರಿಯನ್ನು ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೊಸ ಪ್ರಭೇದ ಕಂಡವರು ಅದನ್ನು ತಿಳಿಸಿ, ಮಾದರಿಯನ್ನು ಗೊತ್ತುಪಡಿಸಿದ ಸಂಗ್ರಹಕ್ಕೆ ಒಪ್ಪಿಸಬೇಕೆಂದು 2002ರ ಜೈವಿಕ ವೈವಿಧ್ಯ ಕಾಯ್ದೆ ಹೇಳುತ್ತದೆ. ಕಾಡಿಗೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಅನುಮತಿಯೂ ಕೈಯಲ್ಲಿರಲಿ.

7. ಗೂಡು ನೋಡದೆ ಜೇನು ಅರ್ಥವಾಗದು. ಮಲೆನಾಡಿನ ರಸ್ತೆಬದಿಯ ದರೆಗಳಲ್ಲಿ ಕಾಣುವ ಪೆನ್ಸಿಲ್ ದಪ್ಪದ ತೂತುಗಳಲ್ಲಿ ಎಷ್ಟೋ ಒಂಟಿ ಜೇನುಗಳ ಸಂಸಾರವಿದೆ. ಜೆಸಿಬಿ ಒಂದು ಬೆಳಗಿನಲ್ಲಿ ಅದನ್ನೆಲ್ಲ ಕೆರೆದು ಹಾಕುತ್ತದೆ. ತೋಟದ ಒಡೆಯರಲ್ಲಿ ನನ್ನ ಬೇಡಿಕೆ ಇಷ್ಟೇ: ಬಿಸಿಲು ಬೀಳುವ ಒಂದು ತುಂಡು ದರೆಯನ್ನು ಸಿಮೆಂಟು ಬಳಿಯದೆ, ಕಳೆನಾಶಕ ಹೊಡೆಯದೆ ಹಾಗೇ ಬಿಡಿ.