ತಲುಪದ ಪತ್ರ

ವಿಳಾಸದಾರನು ದೊರೆಯದಿದ್ದರೆ ಕಾಗದವನ್ನು ಬರೆದವನಿಗೇ ಹಿಂದಿರುಗಿಸುವುದು ಅಂಚೆಯವರ ಹಳೆಯ ಪದ್ಧತಿ. ಕಂಪ್ಯೂಟರಿನ ಮೂಲಕ ಸಾಗುವ ಇ-ಮೇಲ್‌ಗೂ ಇದೇ ಧರ್ಮವುಂಟು. ಜಾನ್ ಪೋಸ್ಟೆಲ್ ಎಂಬ ಅಮೆರಿಕದ ವಿಜ್ಞಾನಿ 1982ರಲ್ಲಿ ಪ್ರಕಟಿಸಿದ ಎಸ್‌ಎಂಟಿಪಿ ನಿಯಮಾವಳಿಯೇ ಇದಕ್ಕೆ ತಳಹದಿ.

ಒಂದು ಸರ್ವರ್ ಮತ್ತೊಂದಕ್ಕೆ ಪತ್ರವನ್ನು ಒಪ್ಪಿಸುವ ಮುನ್ನ, ಅದನ್ನು ಪಡೆಯಬೇಕಾದವರ ವಿಳಾಸಗಳನ್ನು ಒಂದೊಂದಾಗಿ ತಿಳಿಸುತ್ತದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಉತ್ತರ ಬರುತ್ತದೆ. 250 ಎಂದರೆ ಒಪ್ಪಿಗೆ. 450 ಎಂದರೆ ಸದ್ಯಕ್ಕೆ ಆಗದು, ಮತ್ತೆ ಪ್ರಯತ್ನಿಸಬೇಕು. 550 ಎಂದರೆ ನಿರಾಕರಣೆ. ಹೀಗಾಗಿ ಹತ್ತು ಮಂದಿಯಲ್ಲಿ ಒಬ್ಬನ ವಿಳಾಸ ತಪ್ಪಿದ್ದರೂ ಉಳಿದ ಒಂಬತ್ತು ಮಂದಿಗೆ ಪತ್ರ ತಲುಪುತ್ತದೆ.

ತೊಡಕು ಹುಟ್ಟುವುದು ನಡುವೆ ನಿಂತು ಪತ್ರಗಳನ್ನು ಮುಂದಕ್ಕೆ ಸಾಗಿಸುವ ಸರ್ವರಿನಲ್ಲಿ. ಅದು ವಿಚಾರಿಸದೆ ಎಲ್ಲವನ್ನೂ ಸ್ವೀಕರಿಸಿತೆನ್ನೋಣ. ಒಪ್ಪಿಕೊಂಡ ಮೇಲೆ ಹೊಣೆ ಅದರದೇ. ಮುಂದಿನ ಸರ್ವರ್ ನಿರಾಕರಿಸಿದರೆ, ಕಳುಹಿಸಿದವನಿಗೆ ಆ ಸುದ್ದಿಯನ್ನು ಅದೇ ಮುಟ್ಟಿಸಬೇಕು. ಆದರೆ ವಂಚಕರು ಕಳುಹಿಸಿದವರ ಜಾಗದಲ್ಲಿ ಬೇರೊಬ್ಬರ ವಿಳಾಸವನ್ನು ಬರೆದಿರುತ್ತಾರೆ. ಆಗ ಏನನ್ನೂ ಕಳುಹಿಸದ ನಿರಪರಾಧಿಯ ಪೆಟ್ಟಿಗೆಗೆ ಇಂಥ ಸೂಚನೆಗಳು ರಾಶಿರಾಶಿಯಾಗಿ ಬಂದು ಬೀಳುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು!

ಹಾಗೆಂದು ಪತ್ರವನ್ನು ಸದ್ದಿಲ್ಲದೆ ಎಸೆಯುವುದೂ ಸಲ್ಲದು. ಉದ್ಯೋಗಕ್ಕೆ ಅರ್ಜಿ ಕಳುಹಿಸಿದ ತರುಣನು, ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದನ್ನು ಅರಿಯದೆ, ಬಾರದ ಉತ್ತರಕ್ಕಾಗಿ ಕಾಯುತ್ತ ಕುಳಿತಾನು. ಆದುದರಿಂದ ನಡುವಿನ ಸರ್ವರ್ ಸರಿಯಾದ ವಿಳಾಸಗಳ ಪಟ್ಟಿಯನ್ನು ತನ್ನಲ್ಲಿಟ್ಟುಕೊಂಡು, ಇಲ್ಲದವರ ಪತ್ರವನ್ನು ಬಾಗಿಲಲ್ಲೇ ನಿರಾಕರಿಸುವುದು ಲೇಸು. ಆಗ ಪತ್ರ ತಂದ ಸರ್ವರೇ ತನ್ನವನಿಗೆ ತಪ್ಪನ್ನು ತಿಳಿಸುತ್ತದೆ. ಹೊಣೆಯನ್ನು ಹೊರುವ ಮೊದಲೇ ವಿಚಾರಿಸುವುದು ಯಂತ್ರಕ್ಕೂ ವಿವೇಕವೇ.