ಹಣ್ಣಿನ ನೊಣದ ಜೈವಿಕ ನಿಯಂತ್ರಣ: ವಿಕಿರಣ ಮತ್ತು ಬಿಂಬಗ್ರಹಣದ ನೆರವು

ಕಲಿಕಾ ಸಾಧನೆಗಳು
• ಹಣ್ಣಿನ ನೊಣದ ನಿಯಂತ್ರಣದಲ್ಲಿ ಪರಾವಲಂಬಿ ಕಣಜದ ಪಾತ್ರವನ್ನು ವಿವರಿಸುವುದು.
• ಜೀವಕೋಶಗಳ ಮೇಲೆ ವಿಕಿರಣದ ಪರಿಣಾಮವು ಅದರ ಪ್ರಮಾಣವನ್ನು ಅವಲಂಬಿಸಿದೆ ಎಂಬುದನ್ನು ಅರಿಯುವುದು.
• ಅರ್ಧಾಯುಷ್ಯಕ್ಕೆ ಸಂಬಂಧಿಸಿದ ಸರಳ ಲೆಕ್ಕಗಳನ್ನು ಮಾಡುವುದು.

ಪೀಠಿಕೆ
ಹೊರನೋಟಕ್ಕೆ ಚೆನ್ನಾಗಿರುವ ಮಾವಿನಹಣ್ಣನ್ನು ಕೊಯ್ದಾಗ ಒಳಗೆ ಬಿಳಿಯ ಹುಳುಗಳು ಹರಿದಾಡುವುದನ್ನು ಮಕ್ಕಳು ಕಂಡಿರುತ್ತಾರೆ. ಪೇರಳೆ (ಸೀಬೆ), ಹಾಗಲ, ಸೌತೆಗಳಲ್ಲಿಯೂ ಈ ಬಾಧೆ ಸಾಮಾನ್ಯ. ಹೆಣ್ಣು ನೊಣವು ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಮರಿಹುಳುಗಳು ತಿರುಳನ್ನು ತಿಂದು ಬೆಳೆದ ಮೇಲೆ ಮಣ್ಣಿಗಿಳಿದು ಗಟ್ಟಿ ಕವಚದ ಕೋಶಗಳಾಗುತ್ತವೆ. ಕೆಲವು ದಿನಗಳ ನಂತರ ಕೋಶವನ್ನೊಡೆದು ನೊಣ ಹೊರಬರುತ್ತದೆ. ಮರಿಹುಳು ಹಣ್ಣಿನೊಳಗೂ ಕೋಶ ಮಣ್ಣಿನೊಳಗೂ ಅಡಗಿರುವುದರಿಂದ ಮೇಲೆ ಸಿಂಪಡಿಸಿದ ಕೀಟನಾಶಕ ಅವುಗಳನ್ನು ಸುಲಭವಾಗಿ ಮುಟ್ಟದು.

ಆದರೆ ಮರಿಹುಳುವನ್ನು ಹುಡುಕಿ ತಲುಪಬಲ್ಲ ಜೀವಿಯೊಂದಿದೆ. ಆಗ್ನೇಯ ಏಷ್ಯ ಮೂಲದ ಡಯಕಾಸ್ಮಿಮಾರ್ಫ ಲಾಂಗಿಕಾಡೇಟ ಎಂಬ ಸಣ್ಣ ಕಣಜವು ಹಣ್ಣಿನೊಳಗೆ ಮರಿಹುಳು ಚಲಿಸುವಾಗ ಉಂಟಾಗುವ ಕಂಪನವನ್ನು ಗ್ರಹಿಸುತ್ತದೆ. ತನ್ನ ಉದ್ದವಾದ ಅಂಡನಾಳವನ್ನು ಸಿಪ್ಪೆಯ ಮೂಲಕ ಇಳಿಸಿ ಮರಿಹುಳುವಿನ ದೇಹದಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕೋಶವಾದರೂ ಅದರಿಂದ ಹೊರಬರುವುದು ನೊಣವಲ್ಲ, ಕಣಜ. ಈ ಕಣಜವನ್ನು ಸಾಕಿ ತೋಟಗಳಲ್ಲಿ ಬಿಡುವುದು ಜೈವಿಕ ನಿಯಂತ್ರಣದ ಒಂದು ಕ್ರಮ.

ಸಾಕಣೆಯ ಸಮಸ್ಯೆ
ಕಣಜವನ್ನು ಸಾಕಬೇಕಾದರೆ ಮೊದಲು ನೊಣದ ಮರಿಹುಳುಗಳನ್ನೇ ಸಾಕಬೇಕು. ಒದಗಿಸಿದ ಮರಿಹುಳುಗಳಲ್ಲಿ ಕೆಲವು ಕಣಜದಿಂದ ತಪ್ಪಿಸಿಕೊಳ್ಳುತ್ತವೆ. ಅಂಥವುಗಳ ಕೋಶಗಳೂ ಸೇರಿ ತೋಟಕ್ಕೆ ಹೋದರೆ, ಬೆಳೆಯನ್ನು ಕಾಯಬೇಕಾದ ಕಣಜದ ಜೊತೆಗೆ ಬೆಳೆಯನ್ನು ಕೆಡಿಸುವ ನೊಣವನ್ನೂ ರೈತನಿಗೆ ಕೊಟ್ಟಂತಾಗುತ್ತದೆ. ಕಣಜಕ್ಕಿಂತ ಮೊದಲು ನೊಣ ಹೊರಬರುತ್ತದೆ. ಆದ್ದರಿಂದ ನೊಣಗಳೆಲ್ಲ ಹೊರಬರುವವರೆಗೆ ಕಾದು ಅವುಗಳನ್ನು ಬೇರ್ಪಡಿಸಬಹುದು. ಆದರೆ ಈ ಕ್ರಮಕ್ಕೆ ಸಮಯವೂ ಶ್ರಮವೂ ಹೆಚ್ಚು, ಅಪಾಯವೂ ಪೂರ್ಣವಾಗಿ ನಿವಾರಣೆಯಾಗದು.

ವಿಕಿರಣದ ಪಾತ್ರ
ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಮೆತಾಪಾದಲ್ಲಿ ಹಣ್ಣಿನ ನೊಣದ ನಿಯಂತ್ರಣಕ್ಕಾಗಿ ಈ ಕಣಜವನ್ನು ಬೃಹತ್ ಪ್ರಮಾಣದಲ್ಲಿ ಸಾಕಲಾಗುತ್ತದೆ. ಅಲ್ಲಿ ಅನುಸರಿಸುವ ಉಪಾಯ ಹೀಗಿದೆ: ಮರಿಹುಳುಗಳನ್ನು ಕಣಜಕ್ಕೆ ಒಪ್ಪಿಸುವ ಮೊದಲೇ ಅವುಗಳ ಮೇಲೆ ನಿಗದಿತ ಪ್ರಮಾಣದ ವಿಕಿರಣವನ್ನು ಹಾಯಿಸಲಾಗುತ್ತದೆ. ಮರಿಹುಳುಗಳು ಸಾಯುವುದಿಲ್ಲ. ಕೋಶಗಳೂ ಆಗುತ್ತವೆ. ಆದರೆ ಅವುಗಳಿಂದ ನೊಣ ಮಾತ್ರ ಹೊರಬರುವುದಿಲ್ಲ.

ಇದಕ್ಕೆ ಕಾರಣ ಜೀವಕೋಶಗಳ ಸ್ವಭಾವದಲ್ಲಿದೆ. ವಿಭಜನೆಗೊಳ್ಳುತ್ತಿರುವ ಜೀವಕೋಶಗಳಿಗೆ ವಿಕಿರಣದಿಂದ ಹೆಚ್ಚು ಹಾನಿಯಾಗುತ್ತದೆ. ಇದನ್ನು ಫ್ರಾನ್ಸಿನ ಬರ್ಗೋನಿಯೆ ಮತ್ತು ಟ್ರಿಬಾಂಡೋ 1906ರಲ್ಲಿ ನಿಯಮರೂಪದಲ್ಲಿ ಹೇಳಿದರು. ಮರಿಹುಳುವಿನ ದೇಹದ ಬಹುಪಾಲು ಜೀವಕೋಶಗಳು ವಿಭಜನೆಗೊಳ್ಳದೆ, ಗಾತ್ರದಲ್ಲಿ ಹಿಗ್ಗಿ ಬೆಳೆಯುತ್ತವೆ. ರೆಕ್ಕೆ, ಕಾಲು, ಕಣ್ಣುಗಳುಳ್ಳ ಪ್ರೌಢ ನೊಣವು ರೂಪುಗೊಳ್ಳುವುದು ವಿಭಜನೆಗೊಳ್ಳುವ ಬೇರೆ ಜೀವಕೋಶಗಳ ಗುಂಪುಗಳಿಂದ. ವಿಕಿರಣದ ಪೆಟ್ಟು ಬೀಳುವುದು ಮುಖ್ಯವಾಗಿ ಇವುಗಳ ಮೇಲೆ. ಕಣಜವು ಮೊಟ್ಟೆಯಿಡುವುದು ವಿಕಿರಣದ ನಂತರವಾದ್ದರಿಂದ ಅದರ ಸಂತತಿಗೆ ವಿಕಿರಣ ತಾಗುವುದೇ ಇಲ್ಲ. ಮರಿಹುಳುವಿನ ದೇಹ ಅದಕ್ಕೆ ಆಹಾರವಾಗಿ ಉಳಿಯುತ್ತದೆ.

ಬಿಂಬಗ್ರಹಣದ ಪಾತ್ರ
ಎಷ್ಟು ಕೋಶಗಳಲ್ಲಿ ಕಣಜ ಬೆಳೆಯುತ್ತಿದೆ ಎಂಬುದು ಹೊರಗಿನಿಂದ ತಿಳಿಯದು. ಕೋಶಗಳನ್ನು ಸೀಳಿ ನೋಡಿದರೆ ಒಳಗಿನ ಜೀವಿ ಸಾಯುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ಕವಚದೊಳಗಿನ ದೇಹದ ಆಕಾರ ಕಾಣುವುದರಿಂದ ಸೀಳದೆಯೇ ಪರಿಶೀಲಿಸಲು ಸಾಧ್ಯ. ಇನ್ನೊಂದು ಸಾಧನ ಅವಕೆಂಪು ಬೆಳಕು. ನೀರು, ಕೊಬ್ಬು ಮೊದಲಾದವು ಈ ಬೆಳಕಿನ ಬೇರೆಬೇರೆ ತರಂಗಾಂತರಗಳನ್ನು ಹೀರುವುದರಿಂದ ಒಳಗಿನ ವ್ಯತ್ಯಾಸವನ್ನು ಪತ್ತೆಹಚ್ಚಬಹುದು. ಆಸ್ಟ್ರಿಯದ ಸೈಬರ್ಸ್‌ಡಾರ್ಫ್‌ನಲ್ಲಿರುವ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಪ್ರಯೋಗಾಲಯದಲ್ಲಿ, ಆಫ್ರಿಕದ ಸೆಟ್‌ಸೀ ನೊಣದ ಗಂಡು ಮತ್ತು ಹೆಣ್ಣು ಕೋಶಗಳನ್ನು ಬೇರ್ಪಡಿಸಲು ಇದೇ ಬೆಳಕನ್ನು ಬಳಸಲಾಗಿದೆ.

ಅಧ್ಯಾಪಕರ ಗಮನಕ್ಕೆ
ವಿಕಿರಣಕ್ಕೆ ಒಡ್ಡಿದ ವಸ್ತು ತಾನೇ ವಿಕಿರಣ ಸೂಸುತ್ತದೆ ಎಂಬ ತಪ್ಪು ಕಲ್ಪನೆ ಮಕ್ಕಳಲ್ಲಿರಬಹುದು. ದೀಪದ ಬೆಳಕು ಬಿದ್ದ ಗೋಡೆ ದೀಪ ಆರಿದ ಮೇಲೆ ಬೆಳಗುವುದಿಲ್ಲ ಎಂಬ ಹೋಲಿಕೆಯಿಂದ ಇದನ್ನು ತಿದ್ದಬಹುದು. ಮಹಾರಾಷ್ಟ್ರದ ಲಾಸಲಗಾಂವ್‌ನ ಕೇಂದ್ರದಲ್ಲಿ ಗಾಮಾ ಕಿರಣಗಳಿಗೆ ಒಡ್ಡಿದ ಮಾವಿನಹಣ್ಣುಗಳು 2007ರಲ್ಲಿ ಅಮೆರಿಕಕ್ಕೆ ರಫ್ತಾದುದನ್ನು ಉದಾಹರಣೆಯಾಗಿ ನೀಡಬಹುದು. ಅಲ್ಲಿ ಕನಿಷ್ಠ ಪ್ರಮಾಣ 400 ಗ್ರೇ. ಒಂದು ಕಿಲೋಗ್ರಾಂ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು 1 ಗ್ರೇ.

ಚಟುವಟಿಕೆ 1
ಹುಳು ಬಿದ್ದ ಪೇರಳೆಯನ್ನು ಗಾಜಿನ ಭರಣಿಯಲ್ಲಿ ತೇವದ ಮರಳಿನ ಮೇಲಿರಿಸಿ, ಬಾಯಿಗೆ ತೆಳುಬಟ್ಟೆ ಕಟ್ಟಬೇಕು. ಕೋಶಗಳ ಸಂಖ್ಯೆ, ಹೊರಬಂದ ನೊಣಗಳು, ಕಣಜಗಳಿದ್ದರೆ ಅವುಗಳ ಸಂಖ್ಯೆ ಇವುಗಳನ್ನು ಮಕ್ಕಳು ದಿನಾಂಕಸಹಿತ ಬರೆದಿಡಲಿ. ನೊಣಗಳು ಭರಣಿಯಿಂದ ಹೊರಹೋಗದಂತೆ ನೋಡಿಕೊಳ್ಳಬೇಕು.

ಚಟುವಟಿಕೆ 2
ಗಾಮಾ ಕಿರಣದ ಆಕರವಾದ ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ನಿಗದಿತ ಪ್ರಮಾಣ ನೀಡಲು ಇಂದು 10 ನಿಮಿಷ ಬೇಕಾದರೆ, 5.27 ವರ್ಷಗಳ ನಂತರ 20 ನಿಮಿಷವೂ 10.54 ವರ್ಷಗಳ ನಂತರ 40 ನಿಮಿಷವೂ ಬೇಕಾಗುತ್ತದೆ. ಸಮಯವನ್ನು ಹೊಂದಿಸದಿದ್ದರೆ ಆಗುವ ತೊಂದರೆಯೇನು ಎಂಬುದನ್ನು ಗುಂಪುಗಳಲ್ಲಿ ಚರ್ಚಿಸಲಿ.

ಕ್ರೋಡೀಕರಣ
ಪ್ರಮಾಣ ಕಡಿಮೆಯಾದರೆ ನೊಣ ಹೊರಬರುತ್ತದೆ. ಅತಿಯಾದರೆ ಮರಿಹುಳು ಸತ್ತು ಕಣಜವೂ ಬೆಳೆಯದು. ಇವೆರಡರ ನಡುವಿನ ಸರಿಯಾದ ಪ್ರಮಾಣವನ್ನು ಕಂಡುಕೊಳ್ಳುವುದರಲ್ಲಿ ಈ ತಂತ್ರದ ಯಶಸ್ಸಿದೆ.

ಸೂಚಕ ಪ್ರಶ್ನೆಗಳು
1. ಕಣಜವು ಮೊಟ್ಟೆಯಿಡುವ ಮೊದಲೇ ಮರಿಹುಳುವನ್ನು ವಿಕಿರಣಕ್ಕೆ ಒಡ್ಡುವುದೇಕೆ?
2. ವಿಕಿರಣದಿಂದ ಮರಿಹುಳು ಸಾಯದಿದ್ದರೂ ನೊಣ ಹೊರಬರದಿರಲು ಕಾರಣವೇನು?
3. ಕೋಶವನ್ನು ಸೀಳಿ ನೋಡುವುದಕ್ಕಿಂತ ಬಿಂಬಗ್ರಹಣ ಹೇಗೆ ಮೇಲು?