ಹದಿಹರೆಯದ ಬೊಜ್ಜು: ಲಕ್ಷ್ಮೀಪುರಂ ಮನೆಗಳಿಗೆ ಏಳು ಸೂತ್ರಗಳು

ಮಗ ದಪ್ಪಗಾದರೆ ಬೈಗುಳ ಮಗನಿಗೇ. ಆದರೆ ಲೆಕ್ಕ ಅವನು ಹುಟ್ಟುವ ಮೊದಲೇ ಶುರುವಾಗಿರುತ್ತದೆ ಎನ್ನುತ್ತದೆ ನಮ್ಮ ಮೈಸೂರಿನದೇ ಒಂದು ಸಂಶೋಧನೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ನಮ್ಮ ಮಿಷನ್ ಆಸ್ಪತ್ರೆಯಲ್ಲಿ, 1997–98ರಲ್ಲಿ ಬಸುರಿಯರ ತಪಾಸಣೆಯಿಂದ ಶುರುವಾದ ‘ಮೈಸೂರು ಪಾರ್ಥೆನಾನ್ ಅಧ್ಯಯನ’ ಅದು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ತಾಯಂದಿರ ಮಕ್ಕಳನ್ನು ಹದಿಹರೆಯದವರೆಗೂ ಅಳೆದು ನೋಡಿದರು. ಅದನ್ನು ಓದಿದ ಮೇಲೆ ಮನೆಯಲ್ಲಿ ಮಾಡಬೇಕಾದ್ದು ಇಷ್ಟು:

1. ಸಣಕಲನೆಂದು ನಿಶ್ಚಿಂತರಾಗಬೇಡಿ. ಇಂಗ್ಲೆಂಡಿನ ಕೂಸುಗಳಿಗಿಂತ ಮೈಸೂರಿನ ಕೂಸುಗಳು ತೂಕದಲ್ಲಿ ಕಡಿಮೆ. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ತಕ್ಕಡಿಯೊಂದನ್ನೇ ನಂಬದೆ ಟೇಪು ಹಿಡಿಯಿರಿ: ಸೊಂಟದ ಸುತ್ತಳತೆ ಎತ್ತರದ ಅರ್ಧದೊಳಗಿರಲಿ.

2. ತಾಯಿಯ ಹಳೆಯ ಫೈಲು ತೆಗೆಯಿರಿ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದವರ ಮಕ್ಕಳನ್ನು ಒಂಬತ್ತೂವರೆ ವರ್ಷದಲ್ಲಿ ನೋಡಿದಾಗ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬು ಹೆಚ್ಚಿತ್ತು. ನಿಮಗೂ ಆಗ ಸಕ್ಕರೆ ಇದ್ದಿದ್ದರೆ ಮಗುವಿನ ವೈದ್ಯರಿಗೆ ಮರೆಯದೆ ಹೇಳಿ.

3. ಬಿ12 ಮರೆಯಬೇಡಿ. ಆ ಅಧ್ಯಯನದ ಬಸುರಿಯರಲ್ಲಿ 43%ರಷ್ಟು ಮಂದಿಗೆ ಇದು ಕಡಿಮೆಯಿತ್ತು. ಸೊಪ್ಪು, ಬೇಳೆಯಲ್ಲಿ ಇದು ಸಿಗುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ದಾರಿ. ತಿನ್ನುವವರಿಗೆ ಮೊಟ್ಟೆ, ಮೀನೂ ಉಂಟು.

4. ಕೋಲಾವನ್ನು ಚಮಚದಲ್ಲಿ ಅಳೆದು ತೋರಿಸಿ. 300 ಮಿ.ಲೀ. ಬಾಟಲಿಯಲ್ಲಿ ಸುಮಾರು 32 ಗ್ರಾಂ ಸಕ್ಕರೆ. ಮಗಳ ಕೈಯಲ್ಲೇ ಲೋಟಕ್ಕೆ ಎಂಟು ಟೀ ಚಮಚ ಸಕ್ಕರೆ ಹಾಕಿಸಿ, ಅವಳೇ ನೋಡಲಿ. ದೊಡ್ಡವರಿಗೂ ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಫ್ರಿಜ್ಜಿನಲ್ಲಿ ಆ ಜಾಗಕ್ಕೆ ಒಗ್ಗರಣೆ ಮಜ್ಜಿಗೆ ಬರಲಿ.

5. ಶಾಲೆಯ ಗೇಟಿನ ಮೇಲೆ ಕಣ್ಣಿಡಿ. ಎಣ್ಣೆ, ಉಪ್ಪು, ಸಕ್ಕರೆ ಮಿತಿಮೀರಿದ ತಿನಿಸನ್ನು ಶಾಲೆಯ ಕ್ಯಾಂಟೀನಿನಲ್ಲೂ ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ ಎಂದು 2020ರ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಪೋಷಕರ ಸಭೆಯಲ್ಲಿ ಇದನ್ನು ಎತ್ತಿ.

6. ಟ್ಯೂಷನ್ನಿಗಾಗಿ ಆಟ ಬಿಡಿಸಬೇಡಿ. ದಿನಕ್ಕೆ 60 ನಿಮಿಷ ಬೆವರುವಷ್ಟು ಓಡಾಟ, 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು. ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಬಿಡುವ ಬದಲು ಸೈಕಲ್ ಕೊಡಿಸಿ. ಭಾನುವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮನೆಮಂದಿಯೆಲ್ಲ ನಡೆಯಿರಿ.

7. ಒಬ್ಬನಿಗೇ ಪಥ್ಯ ಬೇಡ. ಅಪ್ಪ ಬಜ್ಜಿ ತಿನ್ನುತ್ತಾ ಮಗನ ಮುಂದೆ ಸೌತೆಕಾಯಿ ಇಟ್ಟರೆ ಅವನು ಕದ್ದು ತಿನ್ನುವುದನ್ನು ಕಲಿಯುತ್ತಾನೆ, ಅಷ್ಟೆ. ಬಸ್ಸಾರು, ಮುದ್ದೆ, ಪಲ್ಯ ಎಲ್ಲರ ತಟ್ಟೆಗೂ ಬೀಳಲಿ. ಬೆಳೆಯುವ ಮಗುವಿಗೆ ಉಪವಾಸವೂ ಬೇಡ, ತೂಕ ಇಳಿಸುವ ಪುಡಿಯೂ ಬೇಡ. ‘ಡುಮ್ಮ’ ಎಂಬ ಮಾತಂತೂ ಬೇಡವೇ ಬೇಡ.

ಏಳನ್ನೂ ನಾಳೆಯೇ ಹಿಡಿಯಬೇಕಿಲ್ಲ. ಈ ತಿಂಗಳ ದಿನಸಿ ಚೀಟಿಯಿಂದ ಕೋಲಾ, ಚಿಪ್ಸ್ ಹೊಡೆದುಹಾಕಿ. ಮನೆಗೆ ಬಾರದ್ದನ್ನು ಬೇಡವೆಂದು ಮಕ್ಕಳೊಡನೆ ಜಗಳವಾಡಬೇಕಾಗುವುದಿಲ್ಲ.